ಮೀನಿನ ಹಿಂದೆ

ಕ್ಯಾಮೆರಾ ಹಿಡಿದು ಮೃದುಲಾ ಮೊದಲ ಸಲ ಕಡಲಿನಾಳಕ್ಕೆ ಇಳಿದಾಗ, ಜೊತೆಗಿದ್ದ ಗಂಡ ಅವಳನ್ನು ಅಲ್ಲೇ ಬಿಟ್ಟು ಮೇಲೆ ಬಂದಿದ್ದ. ಆ ಕತೆಯನ್ನು ಅವಳು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಇಂದು ಡೈವಿಂಗ್ ಕಲಿಸಿದ ಮೇಷ್ಟ್ರೇ ಬಂದಿದ್ದರು.

"ಹೆಂಡ್ತೀನ ನೀರಲ್ಲೇ ಬಿಟ್ಟು ಓಡಿದ ಪುಕ್ಕಲು ಸಾರ್ ಇವ್ರು."

"ಕಿವಿ ನೋವಿತ್ತು ಸಾರ್," ಎಂದು ಗಂಡ ತಲೆ ತಗ್ಗಿಸಿದ.

ಮೇಷ್ಟ್ರು ಅವಳು ಅಂದು ತೆಗೆದ ಫೋಟೋವನ್ನು ಹಿಗ್ಗಿಸಿ ನೋಡಿದರು. ಹಳದಿ ಮೀನಿನ ಹಿಂದೆ ಅವನಿದ್ದ, ಅಂಗೈಯನ್ನು ಕುತ್ತಿಗೆಗೆ ಅಡ್ಡ ಹಿಡಿದು.

"ಸಿಲಿಂಡರ್‌ನಲ್ಲಿ ಗಾಳಿ ಮುಗೀತು ಅಂತ ಸನ್ನೆ ಮಾಡ್ತಿದಾರಲ್ಲಮ್ಮ. ನೀವು ನೋಡ್ಲಿಲ್ವಾ?"

"ಪಕ್ಕದಲ್ಲಿದ್ದ ಇನ್ನೊಬ್ಬ ಡೈವರ್ ಗಾಳಿ ಕೊಟ್ರು, ಬಿಡಿ ಸಾರ್," ಎಂದ ಗಂಡ. "ಕಾಫಿ ಆರ್ತಿದೆ."

ಮೃದುಲಾಗೆ ತಲೆಯೆತ್ತಲಾಗಲಿಲ್ಲ. ಆ ಕೈಯನ್ನು ಅವಳು ಅಂದೇ ನೋಡಿದ್ದಳು. ಮೀನು ಬೆದರುತ್ತದೆಂದು, ಆಚೆ ಸರಿಯುವಂತೆ ಅವನಿಗೆ ಕೈ ಬೀಸಿದ್ದಳು.