ಬರೀ ಕುರಿ

ಲಗಮವ್ವನ ಹಿಂಡಿನಲ್ಲಿ ಆ ಬೆಳಿಗ್ಗೆ ಹುಟ್ಟಿದ ಮರಿಗೆ ಮೊಲದ ಕಿವಿ ಇರಲಿಲ್ಲ, ನರಿಯ ಬಾಲವೂ ಇರಲಿಲ್ಲ. ಅವಳ ಮಾವ ಭರಮಪ್ಪ ಅದನ್ನು ಹೊರಳಿಸಿ ನೋಡಿ ಹೌಹಾರಿದ.

"ಇದರಾಗ ಬ್ಯಾರೆ ಏನೂ ಬೆರಕಿ ಇಲ್ಲಲ್ಲವ್ವಾ! ಇಂಥಾದ್ದು ಹುಟ್ಟಿದ್ರ ಹಿಂಡೆಲ್ಲಾ ಬಂಜಿ ಆಗ್ತೈತಿ ಅಂತಾರ. ಗುಡ್ಡದಾಗ ಬಿಟ್ಟು ಬಾ."

ಯಾವ ಪ್ರಾಣಿ ಯಾವುದರೊಡನೆ ಕೂಡಿದರೂ ಮರಿ ಹುಟ್ಟುವ ನಾಡು ಅದು. ಆಡಿನ ಮರಿಗೆ ಜಿಂಕೆಯ ಕೊಂಬು ಬಂದರೂ ಕೋಳಿಗೆ ನವಿಲಿನ ಗರಿ ಬಂದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಿಂದೊಂದು ಕಾಲದಲ್ಲಿ ಒಂದರ ಬೀಜ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ, ಕುರಿಗೆ ಕುರಿಯೇ ಹುಟ್ಟುತ್ತಿತ್ತು ಎಂಬುದು ಅಜ್ಜಿಯರು ಹೇಳುವ ಕಟ್ಟುಕಥೆ. ಅದನ್ನು ನಂಬಿದವಳು ಲಗಮವ್ವ ಒಬ್ಬಳೇ. ಹಿಂಡಿನಲ್ಲಿ ಉಣ್ಣೆ ಹೆಚ್ಚಿದ್ದ ಪ್ರಾಣಿಗಳನ್ನಷ್ಟೇ ಬೇರೆ ಬೇಲಿಯೊಳಗೆ ಕೂಡಿಸಿ, ಊರವರು ನಗುತ್ತಿದ್ದರೂ ಕುರಿಯೊಂದು ಹುಟ್ಟೀತೆಂದು ವರ್ಷಗಟ್ಟಲೆ ಕಾದಿದ್ದಳು.

"ಬಿಡೂದಿಲ್ರಿ ಮಾವಾರ," ಎಂದು ಅವಳು ಮರಿಗೆ ಅಡ್ಡ ನಿಂತಳು. "ಅದರ ತಾಯೀನ ಅದನ್ನ ನೆಕ್ಕಾಕತ್ತೈತಿ. ಬ್ಯಾಡ ಅನ್ನಾಕ ನಾವ್ಯಾರ್ರಿ?"

ಅಷ್ಟರಲ್ಲಿ ಮರಿ ನಡುಗುವ ಕಾಲೂರಿ ಎದ್ದು ನಿಂತು, ಬಾಯಿ ತೆರೆದು "ಬ್ಯಾ" ಎಂದಿತು. ಬೊಗಳುತ್ತ, ಊಳಿಡುತ್ತ ಇದ್ದ ಹಿಂಡೆಲ್ಲ ಒಮ್ಮೆಗೇ ಸುಮ್ಮನಾಯಿತು. ಅಜ್ಜಿಯ ಕಥೆಯಲ್ಲಿ ಬಿಟ್ಟರೆ ಭರಮಪ್ಪ ತನ್ನ ಆಯುಷ್ಯದಲ್ಲೇ ಆ ದನಿ ಕೇಳಿರಲಿಲ್ಲ. ಅವನ ಕಣ್ಣು ತುಂಬಿ ಬಂತು. ತಲೆಯ ರುಮಾಲು ಬಿಚ್ಚಿ ಮರಿಯ ಮೈ ಒರೆಸಿದ, ಅದನ್ನೆತ್ತಿ ಸೊಸೆಯ ಹೆಗಲ ಮೇಲಿಟ್ಟ. ತಾಯಿಯೂ ಹಿಂದೆಯೇ ಹೊರಟಿತು.

ಓಣಿಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತ ಅವನೇ ಕೂಗಿದ: "ಹೊರಗ ಬರ್ರೋ ಎಲ್ಲಾರೂ! ನಮ್ಮ ಲಗಮವ್ವ ಕುರಿ ಹುಟ್ಟಿಸ್ಯಾಳ! ಬರೀ ಕುರಿ!"