ನೂಲಿನ ಕೊಠಡಿಯ ಹೊಗೆ

ಪುಟ್ಟಸಿದ್ದಯ್ಯ ಕೊಳ್ಳೇಗಾಲದಿಂದ ರೇಷ್ಮೆಗೂಡಿನ ಮೂಟೆ ಹೊತ್ತು ಮಾಂಬಳ್ಳಿಯ ಮನೆಗೆ ಬಂದಾಗ, ಮೂರು ತಿಂಗಳ ಬಸುರಿ ಹೆಂಡತಿ ಚಿಕ್ಕಬಸಮ್ಮ ಹಾರೆ ಹಿಡಿದು ನೂಲು ತೆಗೆಯುವ ಕೊಠಡಿಯ ಗೋಡೆ ಒಡೆಯುತ್ತಿದ್ದಳು. ತಲೆ ತೂರುವಷ್ಟು ಕಂಡಿ ಆಗಲೇ ಬಿದ್ದಿತ್ತು. ಅವನ ತಾಯಿ ಸೋಮಮ್ಮ ಬಾಯಿಗೆ ಸೆರಗು ಹಿಡಿದು ಜಗಲಿಯ ಮೇಲೆ ಕೂತಿದ್ದಳು.

ಅರವತ್ತೇಳರ ಬೇಸಿಗೆ ಅದು. ಆ ಕೊಠಡಿಗೆ ಕಿಟಕಿ ಇರಲಿಲ್ಲ. ಒಲೆಯ ಮೇಲೆ ಕುದಿಯುವ ನೀರಿಗೆ ಗೂಡು ಹಾಕಿ, ಎಳೆ ಹಿಡಿದು ಚರಕಕ್ಕೆ ಸುತ್ತುವಾಗ ಗಾಳಿ ಬೀಸಿದರೆ ನೂಲು ಕಿತ್ತುಹೋಗುತ್ತದೆ. ಹಾಗಾಗಿ ಸೌದೆಯ ಹೊಗೆ ಒಳಗೇ ಸುತ್ತುತ್ತಿತ್ತು. ಒಲೆಯ ಮುಂದೆ ಕೂತವರು ಅದನ್ನೇ ಉಸಿರಾಡಬೇಕಿತ್ತು.

"ತಲೆ ಕೆಟ್ಟದಾ ನಿಂಗೆ?" ಎಂದು ಪುಟ್ಟಸಿದ್ದಯ್ಯ ಹಾರೆ ಕಿತ್ತುಕೊಂಡ.

"ರಾಚಿ ಒಟ್ಟೇಲಿದ್ದಾಗ ಒಂಬತ್ತು ತಿಂಗ್ಳೂ ಇದ್ರೊಳ್ಗೇ ಕೂತಿದ್ದೆ," ಎಂದಳು ಚಿಕ್ಕಬಸಮ್ಮ. "ಈ ಸಲ ಕೂರಕ್ಕಿಲ್ಲ."

ರಾಚಮ್ಮ ಅವರ ಮಗಳು. ಐದು ತುಂಬಿದ್ದರೂ ಮಾತು ಬಂದಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿದ್ದಳು, ನಗುತ್ತಿದ್ದಳು. ಆದರೆ ನಿನ್ನೆ ಹೇಳಿಕೊಟ್ಟದ್ದನ್ನು ಇವತ್ತು ಮತ್ತೆ ಮೊದಲಿನಿಂದ ಹೇಳಿಕೊಡಬೇಕಿತ್ತು, ತುತ್ತು ಬಾಯಿಗಿಡುವುದನ್ನು ಕೂಡ. ಹಿಂದಿನ ವಾರ ಕಾಮಗೆರೆ ಆಸ್ಪತ್ರೆಗೆ ಕರೆದೊಯ್ದಾಗ, ಡಾಕ್ಟರು ಮಗುವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ತಾಯಿಯನ್ನೇ ವಿಚಾರಿಸಿದ್ದರು. ಕೊನೆಗೆ, "ಹೊಗೆಯಿಂದಲೇ ಹೀಗಾಯ್ತು ಅಂತ ನಾನು ಹೇಳಲಾರೆ ಕಣಮ್ಮ. ಆದರೆ ನೀನು ಎಳಕೊಂಡ ಉಸಿರು ನಿನ್ನ ರಕ್ತಕ್ಕೆ ಸೇರುತ್ತೆ, ಅದೇ ಮಗುವಿಗೂ ಹೋಗುತ್ತೆ. ಮಿದುಳು ಬೆಳೆಯೋ ಕಾಲ ಅದು. ನನ್ನ ತಂಗಿಯಾಗಿದ್ದರೆ ನಾನು ಅಲ್ಲಿ ಕೂರೋಕೆ ಬಿಡ್ತಿರಲಿಲ್ಲ," ಎಂದಿದ್ದರು.

"ನಾನೂ ಬಸ್ರೀಲಿ ಅಲ್ಲೇ ಕೂತ್ಕಂಡು ಇವನ್ನ ಎತ್ಲಿಲ್ವಾ?" ಎಂದಳು ಸೋಮಮ್ಮ. "ಇವ್ನಿಗೇನಾಗದೆ?"

ಚಿಕ್ಕಬಸಮ್ಮ ಗಂಡನ ಕಡೆ ತಿರುಗಿ, "ಒಂದು ಸಲ ಆಕಿದ್ ಗೂಡು ಬೇಯೋಗಂಟ ನೀ ಒಳಗ್ ಕೂತ್ಕ. ಆಮೇಲೆ ಈ ಕಂಡಿ ಮುಚ್ಚೂಂದ್ರೆ ನಾನೇ ಮುಚ್ತೀನಿ," ಎಂದಳು. ಒಲೆ ಹೊತ್ತಿಸಿ, ಕಂಡಿಗೆ ಗೋಣಿತಾಟು ತುರುಕಿ, ಅವನನ್ನು ಕೂರಿಸಿ ಬಾಗಿಲು ಎಳೆದುಕೊಂಡಳು. ಹೊಲದ ಕೆಲಸದ ಪುಟ್ಟಸಿದ್ದಯ್ಯ ಆ ಒಲೆಯ ಮುಂದೆ ಹೆಚ್ಚು ಹೊತ್ತು ಕೂತವನಲ್ಲ. ಗೂಡು ಮೆತ್ತಗಾಗುವ ಮೊದಲೇ ಕೆಮ್ಮುತ್ತಾ ಹೊರಗೆ ಬಂದ. ಕಣ್ಣು ಬಿಡಲಾಗದೆ ಗೋಡೆ ಹಿಡಿದು ನಿಂತ.

"ನೀನು ಎದ್ದು ಈಚ್ಗೆ ಬಂದೆ," ಎಂದಳು ಅವಳು. "ಒಟ್ಟೇಲಿರದು ಎದ್ದು ಎಲ್ಗೆ ಬಂದದು?"

ಪುಟ್ಟಸಿದ್ದಯ್ಯ ಹಾರೆಯನ್ನು ಮೂಲೆಗಿಟ್ಟ. ಕಂಡಿ ಮುಚ್ಚಲಿಲ್ಲ. ಒಂದು ಕಂಡಿ ಸಾಲದೆಂದು ಮಾರನೆಯ ದಿನ ಒಲೆಯೂ ಚರಕವೂ ಹಿತ್ತಲಿನ ಚಪ್ಪರಕ್ಕೆ ಹೋದವು. ಗಾಳಿಗೆ ಎಳೆ ಮತ್ತೆ ಮತ್ತೆ ಕಿತ್ತುಹೋಗುತ್ತಿತ್ತು, ಕೊಳ್ಳೇಗಾಲದ ವ್ಯಾಪಾರಿ ಇವರ ನೂಲನ್ನು ಪಕ್ಕಕ್ಕೆ ಸರಿಸುತ್ತಿದ್ದ. ಗೊಣಗುತ್ತಲೇ ಸೋಮಮ್ಮ ತಾನೇ ಚರಕದ ಮುಂದೆ ಕೂತು ಎಳೆಗೆ ಎಳೆ ಗಂಟು ಹಾಕಿದಳು. ಸೊಸೆ ಅಡುಗೆಯನ್ನೂ ಅಂಗಳದಲ್ಲೇ ಮಾಡಿದಳು. ಬೀದಿಯವರು ನಕ್ಕರು.

ಆಯುಧಪೂಜೆ ಕಳೆದ ಮೇಲೆ ಗಂಡು ಮಗು ಹುಟ್ಟಿತು. ಮುಂದಿನ ವರ್ಷ ದೀಪಾವಳಿಯಾದ ಒಂದು ಬೆಳಿಗ್ಗೆ ಅದು ತಾಯಿಯ ಮೂಗು ಹಿಡಿದುಕೊಂಡು "ಅವ್ವ" ಎಂದಿತು. ಆಮೇಲೆ ಅದೇ ಆಟವಾಗಿ ಹತ್ತಾರು ಸಲ ಎಂದಿತು. ಸೋಮಮ್ಮ ಅಕ್ಕಪಕ್ಕದ ಮನೆಗಳಿಗೆ ಬೆಲ್ಲ ಹಂಚಲು ಹೊರಟಳು. ಪುಟ್ಟಸಿದ್ದಯ್ಯ ಮಗುವನ್ನು ಎತ್ತಿಕೊಂಡು ಹೆಂಡತಿಯನ್ನು ಹುಡುಕಿದ. ಚಿಕ್ಕಬಸಮ್ಮ ಹಿತ್ತಲಿನಲ್ಲಿ ರಾಚಿಯನ್ನು ಎದೆಗೊತ್ತಿಕೊಂಡು ಅಳುತ್ತಿದ್ದಳು.

"ಮಾತು ಬಂತಲ್ಲ, ಇನ್ಯಾಕೆ ಅಳ್ತಿದ್ದೀಯೆ?" ಎಂದ.

"ಇದ್ಕೂ ಬರ್ದೇ ಇದ್ದಿದ್ರೆ," ಎಂದಳು ಅವಳು, "ರಾಚಿಗಾಗಿದ್ದೂ ದೇವ್ರು ಮಾಡಿದ್ದು ಅನ್ಕಂಡು ಸುಮ್ನಿರ್ಬೋದಾಗಿತ್ತು."