ಕೊನೆಯ ಹಾಳೆಯ ಜಗಳ

ತಾನೇ ಬರೆದ ಮಾಟಮಂತ್ರದ ಕರಾಳ ಸರಣಿಯ ಮೊದಲ ಕಾದಂಬರಿಯ ಕೊನೆಯ ಹಾಳೆ ತೆರೆದು ವೆನಿಂಗ್ ನಿಂತಲ್ಲೇ ನಿಂತಳು. ಜೋಗ್ಯಾ ನಗರದ ಆ ಬಾಡಿಗೆ ಪುಸ್ತಕದಂಗಡಿಯಲ್ಲಿ ಓದಿದವರೆಲ್ಲ ಕೊನೆಯ ಹಾಳೆಯಲ್ಲಿ ಹೆಸರು ಹಾಕಿ ಒಂದು ಸಾಲು ಬರೆದೇ ಪುಸ್ತಕ ಮರಳಿಸಬೇಕು. ‘ಮೂರು ದಿನ ಊಟ ರುಚಿಸಲಿಲ್ಲ, ಎರಡನೇ ಭಾಗ ಎಲ್ಲಿ?’ ಎಂದು ಒಬ್ಬಳು ಕೇಳಿದ್ದಳು. ಅದರ ಕೆಳಗೇ ಪಾಕ್ ಹರ್ಜೊ ಎಂಬ ಹಿರಿಯರ ದುಂಡು ಅಕ್ಷರ: ‘ಬರೀ ಕತ್ತಲೆ. ದೀಪದ ಹುಡುಗಿಯನ್ನು ಬಾವಿಗೆ ತಳ್ಳಿದ ಲೇಖಕಿಗೆ ಕರುಳೇ ಇಲ್ಲ.’ ಎರಡನೇ ಭಾಗ ಬರೆಯುವುದನ್ನು ಅರ್ಧಕ್ಕೇ ಕೈಬಿಟ್ಟದ್ದು ಒಳ್ಳೆಯದೇ ಆಯಿತು ಎಂದುಕೊಂಡು ವೆನಿಂಗ್ ಪುಸ್ತಕ ಮುಚ್ಚಹೊರಟಳು.

“ಪೂರ್ತಿ ಓದಮ್ಮ,” ಎಂದರು ಅಂಗಡಿಯ ಒಡತಿ ಬು ಲಾಸ್ಮಿ, ಇವಳು ಯಾರೆಂದು ತಿಳಿಯದೆ. “ಆ ಹರ್ಜೊ ಮೇಷ್ಟ್ರು ಬೈಯೋಕೇ ಅಂತ ಮೂರು ಸಲ ತಗೊಂಡ್ ಹೋಗಿದಾರೆ. ಮುಂದಿನದು ಬಂದ್ರೆ ಮೊದ್ಲು ನಂಗೇ ಎತ್ತಿಡು ಅಂತ ತಾಕೀತು ಬೇರೆ.”

ಕೆಳಗೆ ಅದೇ ದುಂಡು ಅಕ್ಷರ ಇನ್ನೆರಡು ಕಡೆ ಇತ್ತು. ‘ಮತ್ತೆ ಓದಿದೆ. ಈ ಸಲವೂ ಹುಡುಗಿ ಸತ್ತಳು.’ ‘ಮೂರನೇ ಸಲ. ಈಗಲೂ ಸತ್ತಳು.’

ದಾರಕ್ಕೆ ಕಟ್ಟಿದ್ದ ಪೆನ್ಸಿಲನ್ನು ವೆನಿಂಗ್ ಎಳೆದುಕೊಂಡಳು. ‘ಪಾಕ್ ಹರ್ಜೊ, ಅವಳು ಬಾವಿಯ ಮೆಟ್ಟಿಲು ಹತ್ತುತ್ತಿದ್ದಾಳೆ. ಸ್ವಲ್ಪ ಕಾಯಿರಿ’ ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿದಳು.